ಷಡ್ಡಕನ ಹೊಸ ಫ್ರೇಮು

ಅವನು ಲಿಫ್ಟ್ ಮೆಕ್ಯಾನಿಕ್. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಊರಿನ ಎತ್ತರದ ಕಟ್ಟಡಗಳಲ್ಲಿ ಅರ್ಧಕ್ಕರ್ಧ ಅವನ ಉಸ್ತುವಾರಿಯಲ್ಲೇ ಇದ್ದವು. ತಾರಸಿಯ ಮೇಲಿನ ಮೋಟಾರ್ ಕೋಣೆಯಲ್ಲಿ ನಿಂತು, ಲಿಫ್ಟನ್ನು ಒಂದು ಸಲ ಕೆಳಗಿಳಿಸಿ, ಒಂದು ಸಲ ಮೇಲೆ ಕರೆಸಿಕೊಂಡು, ಆರನೇ ಮಹಡಿಯ ಬಾಗಿಲಿನ ಚಕ್ರ ಸವೆದಿದೆ ಎಂದನೆಂದರೆ ಮುಗಿಯಿತು. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ಕಿವಿ ಅಷ್ಟು ಚುರುಕು. ಮಾತು ಮಾತ್ರ ಅಳೆದೂ ತೂಗಿ. ಹಾಗಾಗಿ ಅವನ ಹೊಟ್ಟೆಯೊಳಗೆ ಏನು ಉರಿಯುತ್ತಿದೆ ಎಂಬುದು ಹೆಂಡತಿಗಲ್ಲದೆ ಇನ್ನಾರಿಗೂ ತಿಳಿಯುತ್ತಿರಲಿಲ್ಲ.

ಉರಿಯುತ್ತಿದ್ದದ್ದು ಹೆಚ್ಚಾಗಿ ಷಡ್ಡಕನ ದೆಸೆಯಿಂದ.

ಹೆಂಡತಿಯ ತಂಗಿಯನ್ನು ಕೈಹಿಡಿದ ಈ ಮನುಷ್ಯನಿಗೆ ಬಚ್ಚಲುಮನೆಯ ನಲ್ಲಿ, ಸಿಂಕು, ಟೈಲ್ಸ್ ಮಾರುವ ಅಂಗಡಿಯಿತ್ತು. ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ಎಷ್ಟೋ ಸಲೀಸಾಗುತ್ತಿತ್ತು, ನಾಲ್ಕು ಮಾತು ಬೈದುಕೊಂಡು ಹಗುರಾಗಬಹುದಿತ್ತು. ನಗುನಗುತ್ತಾ ಬಂದು, ಭಾವ ಹೇಳಿದ ಮೇಲೆ ಎರಡನೇ ಮಾತಿಲ್ಲ ಎಂದು, ಭಾವ ಹೇಳಿದ್ದನ್ನೇ ಭಾವನಿಗಿಂತ ಮೊದಲು ಮಾಡಿ ಮುಗಿಸುವ ಗಿರಾಕಿ. ಮಾವನ ಮನೆಗೆ ನೀರಿನ ಪಂಪು ಹಾಕಿಸಬೇಕೆಂದು ಇವನು ಆರು ತಿಂಗಳು ಯಾವ ಪಂಪು, ಎಷ್ಟು ಶಕ್ತಿ, ಪೈಪು ಎಷ್ಟು ದಪ್ಪ ಎಂದು ತಲೆ ಕೆಡಿಸಿಕೊಂಡಿದ್ದರೆ, ಆಸಾಮಿ ಒಂದು ಮಂಗಳವಾರ ಅದೇ ಪಂಪು ತಂದು ಕೂರಿಸಿಯೇ ಬಿಟ್ಟ. ಅತ್ತೆ ಈಗಲೂ ನಲ್ಲಿ ತಿರುಗಿಸಿದಾಗಲೆಲ್ಲ ಕಿರಿಯ ಅಳಿಯನನ್ನು ನೆನೆಯುತ್ತಾರೆ. ಯಾವ ಪಂಪೆಂದು ಹೇಳಿಕೊಟ್ಟವನು ಹಿರಿಯ ಅಳಿಯ ಎಂಬುದು ಯಾರ ನೆನಪಿನಲ್ಲೂ ಉಳಿದಿಲ್ಲ, ಹಿರಿಯ ಅಳಿಯನೊಬ್ಬನನ್ನು ಬಿಟ್ಟರೆ.

ಗುಡ್ಡ ಮಾತ್ರ ಇವನದೇ ಆಗಿತ್ತು.

ಮೂವತ್ತೈದನೇ ವಯಸ್ಸಿನಲ್ಲಿ ಲಿಫ್ಟಿನ ಕೆಳಗಿನ ಹೊಂಡದೊಳಗೆ ಕಾಲು ಜಾರಿ ಮಂಡಿ ಹಾಳಾಗಿತ್ತು. ಡಾಕ್ಟರು ಸೈಕಲ್ ತುಳಿಯಲು ಹೇಳಿದರು. ರಸ್ತೆಯಲ್ಲಿ ಬಸ್ಸುಗಳ ಹೊಗೆ ಕುಡಿದು ಸಾಕಾಗಿ, ಒಂದು ದಿನ ಹ್ಯಾಂಡಲನ್ನು ಊರಾಚೆಯ ಗುಡ್ಡದ ಕಡೆಗೆ ತಿರುಗಿಸಿದ. ನೀರಿನ ಟ್ಯಾಂಕಿನ ಹಿಂದಿನಿಂದ ಹತ್ತಿ, ಪಾಳುಬಿದ್ದ ಕಲ್ಲುಗಣಿಯ ಅಂಚಿನಲ್ಲಿ ಇಳಿಯುವ ಕಾಲುದಾರಿ. ಬೇರು, ಬಂಡೆ, ಸಡಿಲ ಜಲ್ಲಿ. ಮೊದಲ ದಿನ ಮೂರು ಸಲ ಬಿದ್ದು, ಅಂಗಿ ಹರಿದುಕೊಂಡು, ಮುಖದ ತುಂಬಾ ನಗುವಿಟ್ಟುಕೊಂಡು ಮನೆಗೆ ಬಂದಿದ್ದ. ಮದುವೆಯ ದಿನವೂ ಇಷ್ಟು ನಕ್ಕಿರಲಿಲ್ಲ ಎಂದು ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಅಂಥ ದಾರಿಗೆ ಹತ್ತುವಾಗ ಹಗುರಾಗಿ, ಇಳಿಯುವಾಗ ಗಟ್ಟಿಯಾಗಿ ನಿಲ್ಲುವ ಸೈಕಲ್ಲು ಬೇಕು, ಗುಡ್ಡದವರ ಬಾಯಲ್ಲಿ ಬೈಕು. ಬಲ್ಲವರು ಅದನ್ನು ಆಲ್-ಮೌಂಟನ್ ಎನ್ನುತ್ತಾರೆ. ಮುಚ್ಚಿಹೋಗುತ್ತಿದ್ದ ಅಂಗಡಿಯೊಂದರಿಂದ ಅಂಥದೊಂದು ಫ್ರೇಮ್ ತಂದು, ವರ್ಷವಿಡೀ ಒಂದೊಂದೇ ಭಾಗ ಹುಡುಕಿ ತಾನೇ ಜೋಡಿಸಿದ್ದ. ಅದಕ್ಕೀಗ ಒಂಬತ್ತು ವರ್ಷ. ಗುಡ್ಡದ ಗುಂಪಿನಲ್ಲಿ ಹತ್ತು ಹನ್ನೆರಡು ಮಂದಿ. ಯಾರ ಬೈಕು ಎಲ್ಲಿ ಕಿರ್ ಎಂದರೂ ಇವನ ಬಳಿಗೇ ಬರಬೇಕು. ಹೊಟ್ಟೆ ಕರಗಿಸಬೇಕೆಂದು ಬಂದ ಷಡ್ಡಕನಿಗೆ ಇಳಿಜಾರಿನಲ್ಲಿ ಸೊಂಟ ಹಿಂದಕ್ಕೆ ಹಾಕುವುದನ್ನು ಕಲಿಸಿದವನೂ ಇವನೇ. ಕಲಿಸಿದ ಮೂರೇ ವರ್ಷಕ್ಕೆ ಆ ಮನುಷ್ಯನ ಹೊಟ್ಟೆ ಕರಗಿತು. ಕಲಿಸಿದವನ ಹೊಟ್ಟೆ ಅಲ್ಲೇ ಇತ್ತು.

ಇಂಥ ಹೊತ್ತಿನಲ್ಲಿ ಹೊಸ ಫ್ರೇಮಿನ ಸುದ್ದಿ ಬಂತು. ವರ್ಷಕ್ಕೆ ಬೆರಳೆಣಿಕೆಯಷ್ಟು ಫ್ರೇಮ್ ಮಾತ್ರ ಬೆಸೆಯುವ ಒಂದು ಸಣ್ಣ ಕಾರ್ಖಾನೆ. ಅವರ ಕೈಯಲ್ಲಿ ಹೊಸದೊಂದು ಆಲ್-ಮೌಂಟನ್ ತಯಾರಾಗುತ್ತಿದೆ ಎಂದು ಯಾರೋ ಒಂದು ಫೋಟೋ ಹರಿಯಬಿಟ್ಟಿದ್ದರು: ಮೈತುಂಬಾ ಕೆಸರು, ಹೆಸರಿನ ಮೇಲೆ ಕಪ್ಪು ಟೇಪು. ಮೆಕ್ಯಾನಿಕ್ ಆ ಫೋಟೋವನ್ನು ಮೋಟಾರ್ ಕೋಣೆಯಲ್ಲಿ ಊಟದ ಡಬ್ಬಿ ಪಕ್ಕಕ್ಕಿಟ್ಟು ನೋಡಿದ, ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದ. ಹಿಂಚಕ್ರದ ಮೇಲೆ ಶಾಕ್ ಅಬ್ಸಾರ್ಬರ್ ಕೂತ ಕೋನ, ಕೀಲುಗಳ ಜಾಗ, ಬೆಸುಗೆಯ ಸಾಲು. ಹಳೆಯ ಲಿಫ್ಟಿನ ವೈರಿಂಗ್ ನಕ್ಷೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಅದರ ಚಿತ್ರ ಬರೆದು, ತನ್ನ ಹಳೆಯ ಫ್ರೇಮಿನ ಚಿತ್ರವನ್ನು ಅದರ ಮೇಲೆಯೇ ಬರೆದು, ಎಲ್ಲಿ ಉದ್ದ ಎಲ್ಲಿ ಗಿಡ್ಡ ಎಂದು ಹೋಲಿಸಿದ. ಹೀಗೆ ಹದಿನಾಲ್ಕು ತಿಂಗಳು ಕಾದ. ಫ್ರೇಮ್ ಒಂದು ಬಂದರೆ ಸಾಕು, ಉಳಿದದ್ದೆಲ್ಲ ಹಳೆಯದರಿಂದಲೇ ಎತ್ತಿ ಕೂರಿಸುತ್ತೇನೆ ಎಂದು ಹೆಂಡತಿಗೂ ಹೇಳಿದ್ದ. ಗುಡ್ಡದ ತುದಿಯಲ್ಲಿ ಸುಧಾರಿಸಿಕೊಳ್ಳಲು ಕೂತಾಗ ಷಡ್ಡಕನಿಗೂ ಎಲ್ಲವನ್ನೂ ವಿವರಿಸಿದ್ದ. ಯಾಕೆ ಈ ಕೋನ ಒಳ್ಳೆಯದು, ಯಾವ ಅಳತೆ ಯಾರಿಗೆ, ಬಣ್ಣ ಯಾವುದು ಚೆಂದ. ಒದ್ದೆ ಜೇಡಿಮಣ್ಣಿನ ಬಣ್ಣವೇ ಚೆಂದ ಎಂದಿದ್ದ. ಮಾತು ಅಳೆದು ತೂಗುವವನು ಅವತ್ತು ತಕ್ಕಡಿ ಎಲ್ಲಿಟ್ಟಿದ್ದನೋ.

ಕೊನೆಗೆ ಕಾರ್ಖಾನೆಯವರು ಅಳತೆಗಳನ್ನು ಹೊರಗೆ ಹಾಕಿದರು. ಓದುತ್ತಾ ಹೋದಂತೆ ಇವನ ಮುಖ ಇಳಿಯಿತು. ಚಕ್ರ ದೊಡ್ಡದು; ಹಳೆಯ ಚಕ್ರ ಒಗ್ಗುವುದಿಲ್ಲ. ಹಿಂದಿನ ಅಚ್ಚು ಅಗಲ. ಮುಂಚಕ್ರ ಹಿಡಿಯುವ ಫೋರ್ಕಿನ ಕತ್ತು ದಪ್ಪ. ಹಳೆಯದರಿಂದ ಹೊಸದಕ್ಕೆ ಹೋಗುವುದು ಸೀಟು, ಪೆಡಲ್ಲು, ಕೈಹಿಡಿಯ ರಬ್ಬರು, ಅಷ್ಟೇ. ಫ್ರೇಮ್ ಬದಲಾಯಿಸುವುದೆಂದರೆ ಇಡೀ ಬೈಕನ್ನೇ ಬದಲಾಯಿಸಿದಂತೆ. ಮೊದಲ ಸಲಕ್ಕೆ ನಲವತ್ತೇ ಫ್ರೇಮು, ಬೇಕಾದವರು ಬೇಗ ಹೆಸರು ಬರೆಸಬೇಕು.

ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವಳು. ದಿನಕ್ಕೆ ನೂರು ಸಲ ಜನರಿಗೆ "ಹೀಗೆ ಚೆನ್ನಾಗಿ ಕಾಣ್ತಾ, ಹೀಗೆ ಚೆನ್ನಾಗಿ ಕಾಣ್ತಾ" ಎಂದು ಕೇಳಿ ರೂಢಿ. ಬೇಕೋ ಬೇಡವೋ ಎರಡರಲ್ಲಿ ಒಂದು ಹೇಳಿಬಿಡಿ ಎಂದಳು. ಇವನು ನೋಡೋಣ ಎಂದ. ಹಳೆಯದು ಚೆನ್ನಾಗಿಯೇ ಓಡುತ್ತಿದೆ ಎಂದು ಬೆಳಿಗ್ಗೆ ಅನಿಸುತ್ತಿತ್ತು. ಈ ಮಂಡಿಗೆ ಇನ್ನೆಷ್ಟು ವರ್ಷ ಗುಡ್ಡ, ಈಗಲ್ಲದಿದ್ದರೆ ಯಾವಾಗ ಎಂದು ಸಂಜೆ ಅನಿಸುತ್ತಿತ್ತು. ಹೀಗೆ ಅತ್ತಿಂದಿತ್ತ ಹತ್ತು ದಿನ ತೂಗಾಡುವುದರೊಳಗೆ ನಲವತ್ತೂ ಮುಗಿದುಹೋದವು. ಹೋದರೆ ಹೋಗಲಿ, ಎರಡನೇ ಸಲಕ್ಕೆ ನೋಡೋಣ ಎಂದು ಸಮಾಧಾನ ಮಾಡಿಕೊಂಡ.

ಎರಡು ತಿಂಗಳ ಮೇಲೆ ಒಂದು ಶುಕ್ರವಾರ ಷಡ್ಡಕನ ಫೋನು.

"ಭಾವ, ಡಬ್ಬ ಬಂದಿದೆ. ನೀವು ಹೇಳಿದ್ರಲ್ಲ, ಅದೇ ಫ್ರೇಮು. ಅದೇ ಬಣ್ಣ. ಚಕ್ರ ಗಿಕ್ರ ಎಲ್ಲಾ ತರಿಸಿದೀನಿ. ನಾಳೆ ನೀವೇ ಜೋಡಿಸಿ ಕೊಡ್ಬೇಕು, ಬೇರೆಯವರ ಕೈಗೆ ಕೊಡಲ್ಲ."

ಆಗ ಮೆಕ್ಯಾನಿಕ್ ಹನ್ನೆರಡನೇ ಮಹಡಿಯಲ್ಲಿ, ಲಿಫ್ಟ್ ಡಬ್ಬಿಯ ನೆತ್ತಿಯ ಮೇಲೆ ಕೂತು ಹಗ್ಗಕ್ಕೆ ಎಣ್ಣೆ ಹಚ್ಚುತ್ತಿದ್ದ. ಆಯಿತಪ್ಪ, ತಾ ಎಂದ. ಫೋನಿಟ್ಟ ಮೇಲೆ ಹಚ್ಚಿದ ಜಾಗಕ್ಕೇ ಇನ್ನೊಂದು ಸಲ ಎಣ್ಣೆ ಹಚ್ಚಿದ.

ಶನಿವಾರ ಮಧ್ಯಾಹ್ನ ಮನೆಯ ಹಿಂದಿನ ಶೀಟಿನ ಮಾಡಿನ ಕೆಳಗೆ ಡಬ್ಬ ಬಿಚ್ಚಿದರು. ಹೊಸ ಬಣ್ಣದ ವಾಸನೆ. ಫ್ರೇಮನ್ನು ಎರಡೂ ಕೈಯಲ್ಲಿ ಎತ್ತಿದಾಗ ಅದು ಎಷ್ಟು ಹಗುರವೆಂದರೆ ಇವನ ಕೈ ಅದಕ್ಕೆಂದು ಕೂಡಿಸಿಕೊಂಡಿದ್ದ ಬಲವೆಲ್ಲ ದಂಡವಾಯಿತು. ಹದಿನಾಲ್ಕು ತಿಂಗಳು ಫೋಟೋದಲ್ಲಿ ನೋಡಿದ್ದ ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಿದ. ಕಣ್ಣು ಮುಚ್ಚಿದ್ದರೂ ಅದು ಯಾವ ಕೀಲು ಎಂದು ಹೇಳಬಲ್ಲವನಾಗಿದ್ದ. ಇದನ್ನು ಕನಸಿನಲ್ಲಿ ಸಾಕಿದವನು ನಾನು, ಮೆರವಣಿಗೆ ಅವನದು, ಎಂದುಕೊಂಡ.

ಕೆಲಸದಲ್ಲಿ ಮಾತ್ರ ಒಂದಿಷ್ಟೂ ಕೊರತೆ ಮಾಡಲಿಲ್ಲ. ಗ್ರೀಸು, ಬೇರಿಂಗು, ಬ್ರೇಕಿನ ಎಣ್ಣೆ, ಒಂದೊಂದು ಬೋಲ್ಟಿಗೂ ಎಷ್ಟು ಬಿಗಿಯೋ ಅಷ್ಟೇ. ನಾಲ್ಕು ಗಂಟೆ ಹಿಡಿಯಿತು. ಷಡ್ಡಕ ಪಕ್ಕದ ಸ್ಟೂಲಿನ ಮೇಲೆ ಕೂತು ಸ್ಪ್ಯಾನರ್ ಕೈಗೆ ಕೊಡುತ್ತಾ, ಭಾವನ ಕೈ ನೋಡಿದರೆ ಲಿಫ್ಟಿನವರೇಕೆ ಡಾಕ್ಟರೇ ಆಗಬಹುದಿತ್ತು ಎಂದು ಹೊಗಳುತ್ತಾ ಇದ್ದ. ಕೊನೆಗೆ ಉಳಿದದ್ದು ಹಿಂದಿನ ಶಾಕ್‌ಗೆ ಗಾಳಿ ತುಂಬುವುದು. ಅದು ಓಡಿಸುವವನ ತೂಕಕ್ಕೆ ತಕ್ಕಂತಿರಬೇಕು. ಕಡಿಮೆಯಾದರೆ ಕುಸಿಯುತ್ತದೆ, ಹೆಚ್ಚಾದರೆ ಕಲ್ಲಿನ ಹಾಗೆ ಒದೆಯುತ್ತದೆ. ಅಷ್ಟರಲ್ಲಿ ಅಂಗಡಿಯಿಂದ ಫೋನು ಬಂದು ಷಡ್ಡಕ ಅಂಗಳಕ್ಕೆ ಹೋದ.

ಗಾಳಿ ಪಂಪಿನ ಮೀಟರಿನ ಮುಳ್ಳು ನಿಲ್ಲಬೇಕಾದ ಗೆರೆ ಇವನಿಗೆ ಗೊತ್ತಿತ್ತು. ಮುಳ್ಳು ಆ ಗೆರೆಗೆ ಬಂತು. ಕೈ ನಿಲ್ಲಲಿಲ್ಲ. ಇನ್ನೂ ನಾಲ್ಕು ಸಲ ಒತ್ತಿದ, ಆರು ಸಲ ಒತ್ತಿದ. ಶಾಕ್ ಕುಸಿದು ಮೇಲೆ ಬರುವ ವೇಗ ಹಿಡಿತದಲ್ಲಿಡುವ ಪುಟ್ಟ ಕೆಂಪು ತಿರುಪನ್ನೂ ಪೂರ್ತಿ ಸಡಿಲ ಮಾಡಿದ. ಇದರಿಂದ ಯಾರೂ ಸಾಯುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಷಡ್ಡಕ ಫೋನು ಮುಗಿಸಿ ಬರುವಾಗ ಇವನು ಫ್ರೇಮಿನ ಮೇಲಿನ ಬೆರಳಗುರುತು ಒರೆಸುತ್ತಿದ್ದ.

ಭಾನುವಾರ ಬೆಳಿಗ್ಗೆ ಗುಂಪೆಲ್ಲ ಹೊಸ ಬೈಕಿನ ಸುತ್ತ ನೆರೆಯಿತು. ಹೊಗಳಿದ್ದೇ ಹೊಗಳಿದ್ದು. ಮೆಕ್ಯಾನಿಕ್ ದೂರ ನಿಂತು ತನ್ನ ಹೆಲ್ಮೆಟ್ಟಿನ ಪಟ್ಟಿಯನ್ನು ಎರಡೆರಡು ಸಲ ಕಟ್ಟಿಕೊಂಡ. ಇಳಿಜಾರು ಶುರುವಾಯಿತು. ಮೊದಲ ಬೇರಿಗೇ ಹಿಂಚಕ್ರ ಷಡ್ಡಕನನ್ನು ಮೇಲಕ್ಕೆಸೆಯಿತು. ಎರಡನೆಯದಕ್ಕೆ ಕಾಲು ಪೆಡಲಿನಿಂದ ಜಾರಿತು. ಗಣಿಯ ತಿರುವಿನ ಬಂಡೆಯ ಮೇಲೆ ಬೈಕು ಒದ್ದ ರಭಸಕ್ಕೆ ಅವನು ಹ್ಯಾಂಡಲ್ ದಾಟಿ ಪೊದೆಯೊಳಗೆ ಬಿದ್ದ. ಮೊಣಕೈ ತರಚಿತು, ಅಷ್ಟೇ. ಮೆಕ್ಯಾನಿಕ್ಕೇ ಮೊದಲು ಓಡಿಹೋಗಿ ಕೈಹಿಡಿದು ಎಬ್ಬಿಸಿದ. ಹಿಂದಿನಿಂದ ಯಾರೋ, ಇಷ್ಟು ದೊಡ್ಡ ಹೆಸರಿನ ಫ್ರೇಮು ಇಷ್ಟೇನಾ ಎಂದದ್ದು ಕಿವಿಗೆ ಬಿತ್ತು. ಆ ಮಾತು ಒಳಗೆ ಬೆಲ್ಲದ ಹಾಗೆ ಕರಗಿತು. ಅವತ್ತು ಮನೆಗೆ ಬಂದು ಎರಡು ತುತ್ತು ಹೆಚ್ಚೇ ಉಂಡ.

ಮುಂದಿನ ಭಾನುವಾರವೂ ಅದೇ ಕತೆ. ಷಡ್ಡಕ ಅರ್ಧ ಇಳಿಯುವಷ್ಟರಲ್ಲಿ ನಿಂತು, ಒಂದು ಸಲ ಬೈಕು ಅದಲು ಬದಲು ಮಾಡಿಕೊಳ್ಳೋಣವೇ ಎಂದು ಕೇಳಿದ. ಬೇಡ ಎನ್ನಲು ನೆಪ ಸಿಗಲಿಲ್ಲ.

ಹಾಗೆ ಇವನು ಹೊಸ ಫ್ರೇಮಿನ ಮೇಲೆ ಕೂತ, ಅವನು ಹಳೆಯದರ ಮೇಲೆ ಮುಂದೆ ಹೋದ. ಇವನು ಕಂಡದ್ದು ಇದು: ಒಂಬತ್ತು ವರ್ಷ ತನ್ನ ಕೆಳಗೆ ಗೊಣಗಿಕೊಂಡೇ ಓಡಿದ ಬೈಕು ಅವನ ಕೆಳಗೆ ಹಾವಿನ ಹಾಗೆ ಬೇರಿನಿಂದ ಬೇರಿಗೆ ಹರಿದುಹೋಗುತ್ತಿದೆ. ಕೆಳಗಿದ್ದವರು ಶಿಳ್ಳೆ ಹಾಕಿದರು. ಹೊಸ ಬೈಕಿನ ಮೇಲೆ ಕೂತೂ ಹಳೆಯ ಬೈಕಿಗಾಗಿ ಹೊಟ್ಟೆ ಉರಿಯುವುದೆಂದರೆ ಏನು ಎಂದು ಇವನಿಗೆ ಅವತ್ತು ಗೊತ್ತಾಯಿತು. ತಾನು ತುಂಬಿದ ಗಾಳಿ ಅಷ್ಟರಲ್ಲಿ ತನ್ನನ್ನೇ ಒದೆಯುತ್ತಿತ್ತು. ಪ್ರತಿ ಕಲ್ಲಿಗೂ ಮಂಡಿಯೊಳಗೆ ಸೂಜಿ ಚುಚ್ಚಿದಂತಾಗಿ, ಹಲ್ಲು ಕಚ್ಚಿಕೊಂಡು ಕೆಳಗೆ ಬಂದ.

ಷಡ್ಡಕ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತಿದ್ದ. ಉಳಿದವರು ಮುಂದೆ ಹೋದ ಮೇಲೆ ತಲೆ ಬಗ್ಗಿಸಿಕೊಂಡೇ ಮಾತಾಡಿದ.

"ಭಾವ, ಹೀಗೇ ಇಟ್ಕೊಂಡುಬಿಡಿ. ಇದು ನಿಮಗೆ, ಅದು ನನಗೆ."

"ಯಾಕಪ್ಪ?"

"ಇದು ನಿಮ್ಮಂಥೋರಿಗೆ ಮಾಡಿದ್ದು. ನಾಲ್ಕು ವರ್ಷದಿಂದ ನಿಮ್ಮ ಬೆನ್ನು ನೋಡ್ಕೊಂಡೇ ಇಳೀತಾ ಇದೀನಿ. ನಿಜ ಹೇಳ್ಬೇಕು ಅಂದ್ರೆ ಹೊಟ್ಟೆಕಿಚ್ಚು. ನೀವು ಆಸೆಪಟ್ಟ ಬೈಕು ನನ್ನ ಹತ್ರ ಇದ್ರೆ ನಾನೂ ನಿಮ್ಮ ಹಾಗೆ ಓಡಿಸ್ತೀನಿ ಅಂದ್ಕೊಂಡೆ. ಯೋಗ್ಯತೆ ಬೇಡ್ವಾ."

 ಬಯಸಿದ್ದು ತಾನಾಗಿಯೇ ಮಡಿಲಿಗೆ ಬಂದು ಬಿದ್ದಿತ್ತು. ಹೂಂ ಎಂದರೆ ಆಯಿತು. ಸಂಜೆ ನಾಲ್ಕು ಸಲ ಗಾಳಿ ಬಿಟ್ಟರೆ ಜಗತ್ತಿನಲ್ಲೇ ಒಳ್ಳೆಯ ಬೈಕು ತನ್ನದು. ಯೋಚನೆ ಮಾಡ್ತೀನಿ ಎಂದಷ್ಟೇ ಹೇಳಿ, ತನ್ನ ಹಳೆಯ ಬೈಕನ್ನೇ ಹತ್ತಿ ಮನೆಗೆ ಬಂದ.

ಹೆಂಡತಿ ಕಿಟಕಿಯ ಬಳಿ ಕೂತು ತನ್ನ ಕನ್ನಡಕ ಒರೆಸುತ್ತಿದ್ದಳು. ಬದಲಾಯಿಸಿಕೊಳ್ಳುವ ಮಾತನ್ನು ಹೇಳಿದ. ಅವಳು ಖುಷಿಪಡಲಿಲ್ಲ. ಕನ್ನಡಕ ಹಾಕಿಕೊಂಡು ಅವನ ಮುಖವನ್ನೇ ನೋಡಿದಳು.

"ಆ ಬೈಕಿಗೆ ಏನು ಮಾಡಿದ್ರಿ?"

ಅವನು ಎಲ್ಲವನ್ನೂ ಹೇಳಿದ. ಪಂಪಿನ ಮುಳ್ಳು, ಕೆಂಪು ತಿರುಪು, ಪೊದೆ, ಎರಡು ತುತ್ತು ಹೆಚ್ಚಿಗೆ ಉಂಡದ್ದು ಕೂಡ. ಅವಳು ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು. ನಾಳೆ ಅಂಗಡಿಗೆ ಹೋಗಿ ಎದುರಿಗೆ ನಿಂತು ಹೇಳಿ, ಫೋನಿನಲ್ಲಿ ಬೇಡ ಎಂದಳು. ಆಮೇಲೆ, ತಂಗಿ ಆ ತರಚಿದ ಮೊಣಕೈಗೆ ವಾರವಿಡೀ ಔಷಧಿ ಹಚ್ಚಿದ್ದಾಳೆ ಎಂದು ಸೇರಿಸಿ ಒಳಗೆ ಹೋದಳು.

ಸೋಮವಾರ ಸಂಜೆ ಕೆಲಸದ ಬಟ್ಟೆಯಲ್ಲೇ ಹೋದ. ಅಂಗಡಿಯ ತುಂಬಾ ನೀರಿಲ್ಲದ ನಲ್ಲಿಗಳು, ಸಾಲು ಸಾಲು ಬಿಳಿ ಸಿಂಕುಗಳು. ಷಡ್ಡಕ ಎಂದಿನಂತೆ ನಗುತ್ತಾ ಎದ್ದು ಬಂದ. ಮೆಕ್ಯಾನಿಕ್ ಕೂರಲಿಲ್ಲ.

"ಬೈಕಿನಲ್ಲಿ ಏನೂ ದೋಷ ಇಲ್ಲ. ನಿನ್ನಲ್ಲೂ ಇಲ್ಲ. ಗಾಳಿ ನಾನೇ ಬೇಕು ಅಂತ ಜಾಸ್ತಿ ತುಂಬಿದ್ದು. ಕೆಂಪು ತಿರುಪು ಸಡಿಲ ಮಾಡಿದ್ದೂ ನಾನೇ."

ಷಡ್ಡಕನ ನಗು ಮುಖದ ಮೇಲೆ ಹಾಗೇ ಉಳಿಯಿತು, ಅದನ್ನು ಇಳಿಸುವುದು ಮರೆತವನ ಹಾಗೆ. ಎಷ್ಟು ತುಂಬಿದಿರಿ ಎಂದು ಕೇಳಿದ. ಇವನು ಹೇಳಿದ. ಎಷ್ಟಿರಬೇಕಿತ್ತು ಎಂದು ಕೇಳಿದ. ಅದನ್ನೂ ಹೇಳಿದ. ಷಡ್ಡಕ ಪಕ್ಕದ ಸಿಂಕಿನ ನಲ್ಲಿಯನ್ನು ಸುಮ್ಮನೆ ಒಮ್ಮೆ ತಿರುಗಿಸಿ ಮುಚ್ಚಿದ.

"ಬಿದ್ದಾಗ ಮೊದಲು ಓಡಿ ಬಂದೋರು ನೀವೇ ಅಲ್ವಾ ಭಾವ?"

ಅಷ್ಟರಲ್ಲಿ ಗಿರಾಕಿಗಳು ಬಂದರು. ಅವನು ಅವರ ಕಡೆಗೆ ಹೋದ. ಮೆಕ್ಯಾನಿಕ್ ಕಾದು ನಿಂತ; ಅವನು ತಿರುಗಿ ಬರಲಿಲ್ಲ.

ನಾಲ್ಕು ಭಾನುವಾರ ಷಡ್ಡಕ ಗುಡ್ಡಕ್ಕೆ ಬರಲಿಲ್ಲ. ಅಕ್ಕತಂಗಿಯರ ಫೋನು ಎಂದಿನಂತೆ ನಡೆಯುತ್ತಿತ್ತು, ಆದರೆ ಇವನು ಕೋಣೆಗೆ ಬಂದರೆ ಹೆಂಡತಿ ಮಾತು ತಿರುಗಿಸುತ್ತಿದ್ದಳು. ಮಾವನ ಮನೆಯಲ್ಲಿ ಒಂದು ದಿನ ಎದುರುಬದುರು ಊಟಕ್ಕೆ ಕೂತಾಗ ನಾದಿನಿ ಎಲ್ಲರಿಗೂ ಬಡಿಸಿ, ಇವನ ತಟ್ಟೆಯ ಬಳಿ ಬಂದಾಗ ಪಾತ್ರೆಯನ್ನು ಅಕ್ಕನ ಕೈಗೆ ಕೊಟ್ಟಳು. ಇವನು ತಲೆಯೆತ್ತದೆ ಉಂಡು ಎದ್ದ. ಕೆಲಸದಲ್ಲೂ ಕಿವಿ ಮಂಕಾಯಿತು. ಮೂರನೇ ಮಹಡಿಯ ಶಬ್ದವನ್ನು ಐದನೆಯದೆಂದು ಹೇಳಿ, ಬಿಚ್ಚಬಾರದ್ದನ್ನೆಲ್ಲ ಬಿಚ್ಚಿ ಅರ್ಧ ದಿನ ಕಳೆದ.

ಐದನೇ ಭಾನುವಾರ ಷಡ್ಡಕ ಬಂದ. ಇವನ ಕಡೆ ನೋಡದೆ, ಎಲ್ಲರೊಂದಿಗೆ ಗುಡ್ಡ ಹತ್ತಿದ. ಇಳಿಯುವಾಗ ಮಾತ್ರ ಎಲ್ಲರೂ ನಿಂತು ನೋಡಿದರು. ಒದ್ದೆ ಜೇಡಿಮಣ್ಣಿನ ಬಣ್ಣದ ಆ ಬೈಕು ಬೇರುಗಳ ಮೇಲೆ ತೇಲಿತು, ಗಣಿಯ ತಿರುವಿನ ಬಂಡೆಯನ್ನು ಸವರಿಕೊಂಡು ದಾಟಿತು. ಇವನು ಹಳೆಯ ಬೈಕನ್ನು ಜೀವ ಬಿಟ್ಟು ಓಡಿಸಿದರೂ ಆ ಬೆನ್ನು ದೂರವಾಗುತ್ತಲೇ ಹೋಯಿತು. ತಪ್ಪೊಪ್ಪಿಕೊಂಡರೆ ಹೊಟ್ಟೆಕಿಚ್ಚು ಆರುತ್ತದೆ ಎಂದುಕೊಂಡಿದ್ದ. ಎಲ್ಲಿಯ ಮಾತು. ಮೊದಲಿಗಿಂತ ಹೆಚ್ಚಾಗಿಯೇ ಉರಿಯಿತು, ಯಾಕೆಂದರೆ ಈಗ ಅವನು ನಿಜವಾಗಿಯೂ ಚೆನ್ನಾಗಿ ಓಡಿಸುತ್ತಿದ್ದ.

ಕೆಳಗೆ ಷಡ್ಡಕ ಕಾಯುತ್ತಿದ್ದ. ಪೆಡಲಿನ ಹತ್ತಿರ ಏನೋ ಶಬ್ದ, ಎರಡು ಕಡೆ ತೋರಿಸಿದೆ, ಯಾರಿಗೂ ಸಿಗಲಿಲ್ಲ ಎಂದ. ಮೆಕ್ಯಾನಿಕ್ ಬಗ್ಗಿ, ಪೆಡಲನ್ನು ಕೈಯಲ್ಲಿ ತಿರುಗಿಸಿ ಕಿವಿಗೊಟ್ಟ. ಬಲಗಡೆಯ ಬೇರಿಂಗಿನೊಳಗೆ ಮರಳು ಹೋಗಿತ್ತು. ಅಲ್ಲೇ ಕೂತು ಬಿಚ್ಚಿ, ಒರೆಸಿ, ಗ್ರೀಸು ಹಚ್ಚಿ ಕೂರಿಸಿದ. ಅವತ್ತು ಷಡ್ಡಕ ಫೋನು ಬಂದರೂ ಎದ್ದು ಹೋಗಲಿಲ್ಲ. ಹೆಗಲ ಹತ್ತಿರವೇ ನಿಂತು ಪ್ರತಿಯೊಂದು ತಿರುವನ್ನೂ ನೋಡಿದ. ಕೆಲಸ ಮುಗಿದ ಮೇಲೆ ಚೀಲದಿಂದ ತನ್ನದೇ ಒಂದು ಪಂಪು ತೆಗೆದು, ಶಾಕಿಗೆ ಸಿಕ್ಕಿಸಿ, ಮುಳ್ಳು ನೋಡಿ ಒಳಗಿಟ್ಟುಕೊಂಡ. ಮೆಕ್ಯಾನಿಕ್‌ಗೆ ಅದು ಚುರುಕ್ ಎಂದಿತು. 

ಕಾರ್ಖಾನೆಯವರು ಎರಡನೇ ಸಲದ ಫ್ರೇಮುಗಳಿಗೆ ಹೆಸರು ಕೇಳಿದಾಗ ಮೆಕ್ಯಾನಿಕ್ ಒಂದು ಬುಧವಾರ ಕೆಲಸಕ್ಕೆ ಮುಂಚೆ ಒಬ್ಬನೇ ಗುಡ್ಡಕ್ಕೆ ಹೋದ. ಮುಂದೆ ಯಾರ ಬೆನ್ನೂ ಇರಲಿಲ್ಲ, ಶಿಳ್ಳೆಯೂ ಇರಲಿಲ್ಲ. ಹಳೆಯ ಬೈಕಿನಲ್ಲಿ ಎರಡು ಸಲ ಹತ್ತಿ ಇಳಿದ. ನೋಡಲು ಯಾರೂ ಇಲ್ಲದಿದ್ದರೂ ಹೊಸದು ಬೇಕು ಅನಿಸುತ್ತದೆಯೇ ಎಂದು ತನ್ನನ್ನೇ ಕೇಳಿಕೊಂಡ. ಅನಿಸಿತು. ಗಣಿಯ ತಿರುವಿನಲ್ಲಿ ಮಂಡಿ ನೀಡಿದ ಉತ್ತರವೂ ಅದೇ. ಮನೆಗೆ ಬಂದು ಹೆಸರು ಬರೆಸಿದ, ಬಣ್ಣದ ಜಾಗದಲ್ಲಿ ಕಡುನೀಲಿ ಎಂದು ಹಾಕಿದ. ಹೆಂಡತಿಗೆ, ಫ್ರೇಮ್ ಒಂದೇ ಅಲ್ಲ ಕಣೇ, ಚಕ್ರವೂ ಬೇಕು, ಫೋರ್ಕೂ ಬೇಕು, ಎಲ್ಲಾ ಬೇಕು ಎಂದು ಮೊದಲ ಸಲ ನಿಜ ಹೇಳಿದ. ಅದು ನನಗೆ ಹೋದ ವರ್ಷವೇ ಗೊತ್ತಿತ್ತು ಎಂದಳು ಅವಳು.

ಬರಲು ಐದು ತಿಂಗಳು. ಅಲ್ಲಿಯವರೆಗೆ ಪ್ರತಿ ಭಾನುವಾರ ಆ ಬೆನ್ನು ಮುಂದೆ, ಇವನು ಹಿಂದೆ. ಒಂದು ದಿನ ಗಣಿಯ ತಿರುವಿಗೆ ಮುಂಚೆ ಉಸಿರು ಕಟ್ಟಿ, ಇವನು ಹಿಂದಿನಿಂದಲೇ ಕೂಗಿ ಹೇಳಿದ.

"ಹೊಟ್ಟೆ ಉರೀತಾ ಇದೆ ಕಣಪ್ಪ. ಸ್ವಲ್ಪ ನಿಧಾನಕ್ಕೆ ಹೋಗು."

ಗುಂಪಿನವರೆಲ್ಲ ನಕ್ಕರು. ಷಡ್ಡಕ ನಗಲಿಲ್ಲ. ಆದರೆ ತಿರುವಿನಲ್ಲಿ ಬ್ರೇಕ್ ಹಾಕಿ, ಒಂದು ಕಾಲು ನೆಲಕ್ಕೂರಿ, ಭಾವ ಹತ್ತಿರ ಬರುವ ತನಕ ನಿಂತ.